ಭಾನುವಾರ ನಡೆದ ತರಗತಿಗಳು

ಫೆಬ್ರವರಿ 20

ಪ್ರೀತಿಯ ಚೂಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಮೊದಲಿಗೆ ಕ್ಷಮಾಪಣೆ. ನಿನ್ನ ಎರಡನೆಯ ಪಾಠದ ಕರಡನ್ನು ತಿದ್ದಿ ಕಳೆದ ಪತ್ರದೊಂದಿಗೆ ಕಳುಹಿಸಿದ್ದೆನಷ್ಟೆ. ಮುರಿದ ಸೂಜಿಯನ್ನು ತೆಗೆಯುವ ಕ್ರಮವನ್ನು ನೀನು ಅದರಲ್ಲಿ ನಾಲ್ಕು ವಾಕ್ಯಗಳಲ್ಲಿ ಹೇಳಿದ್ದೆ: ಸ್ವಿಚ್ಚು ಆರಿಸಿ, ಪೆಡಲಿನಿಂದ ಕಾಲು ತೆಗೆಯಿರಿ, ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಸೂಜಿಗೆ ಕೈ ಹಾಕಿ. ಸ್ವಿಚ್ಚು ಆರಿಸಿದ ಮೇಲೆ ಚಕ್ರ ನಿಂತೇ ನಿಲ್ಲುತ್ತದೆ ಎಂದು ನಾನು ಭಾವಿಸಿ, ಮೂರನೆಯ ವಾಕ್ಯ ಹೆಚ್ಚಿನದೆಂದು ಹೊಡೆದುಹಾಕಿದೆ. ಆರಿಸಿದ ಮೇಲೂ ಮೋಟಾರು ಕೆಲವು ಕ್ಷಣ ತಿರುಗುತ್ತಿರುತ್ತದೆ, ಆ ಕ್ಷಣದಲ್ಲಿ ಕಾಲು ತಗುಲಿದರೆ ಸೂಜಿ ಬೆರಳಿನೊಳಗೇ ಇಳಿಯುತ್ತದೆ ಎಂದು ನೀನು ಬರೆದ ಮೇಲೆ ತಿಳಿಯಿತು. ಅಚ್ಚುಕೂಟದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದ್ದೇನೆ. ಓದುವವರ ಬೆರಳಿಗೆ ಕುತ್ತು ತರುವ ತಿದ್ದುಪಡಿಯನ್ನು ಮಾಡಿದ್ದು ಇದೇ ಮೊದಲು. ಆ ವಾಕ್ಯವನ್ನು ಮರಳಿ ಸೇರಿಸು. ಬೇಕಾದರೆ ಎರಡು ಸಲ ಬರೆ.

ಎಂಟು ವರ್ಷ ಹೊಲಿದವಳನ್ನು ಹೊಲಿಯುವವರಿಗೆ ಪಾಠ ಹೇಳಲು ನೇಮಿಸಿದ್ದಾರೆ ಎಂದರೆ ನಿಮ್ಮ ಕಾರ್ಖಾನೆಯಲ್ಲಿ ಯಾರಿಗೋ ಬುದ್ಧಿ ಇದೆ. ಸುರಕ್ಷತೆ ಎಂಬ ಮಾತಿರುವಾಗ ‘ಸೇಫ್ಟಿ’ ಏಕೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅಲ್ಲಿನ ಹೆಂಗಸರು ಆ ಮಾತನ್ನೇ ಆಡುತ್ತಾರೆ ಎಂದೆ; ಪಾಠ ಅವರದು, ನನ್ನದಲ್ಲ.

ಫೋನು ಮಾಡುವ ತೊಂದರೆ ತೆಗೆದುಕೊಳ್ಳಬೇಡ. ನೀನು ಅರಚುವುದು, ನಾನು ‘ಏನು, ಏನು’ ಎನ್ನುವುದು, ಪಕ್ಕದ ಮನೆಯವರಿಗೆಲ್ಲ ನಮ್ಮ ಸಮಾಚಾರ ತಿಳಿಯುವುದು; ಈ ಕಿವಿಗೆ ಪತ್ರವೇ ಲೇಸು.

ಇತಿ, ನಿನ್ನ
ದೊಡ್ಡಪ್ಪ


ಮಾರ್ಚ್ 5, ಭಾನುವಾರ

ಪೂಜ್ಯ ದೊಡ್ಡಪ್ಪನವರಿಗೆ ಚೂಟಿಯ ನಮಸ್ಕಾರಗಳು.

ಹನ್ನೆರಡು ದಿನಗಳ ತರಬೇತಿ ಮುಗಿಯಿತು. ಕಲಿಸಿದವರು ಬೆಂಕಿ ಆರಿಸುವ ದಳದಿಂದ ನಿವೃತ್ತರಾದ ಒಬ್ಬರು. ಹನ್ನೆರಡು ದಿನದಲ್ಲಿ ಒಮ್ಮೆಯೂ ನಗಲಿಲ್ಲ. ಬಟ್ಟೆಯ ಮೂಟೆಯನ್ನು ಸೊಂಟ ಬಗ್ಗಿಸದೆ, ಮೊಣಕಾಲು ಮಡಿಸಿ ಎತ್ತುವುದನ್ನು ಕಲಿತೆ. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ, ಕಾಗದಕ್ಕೆ ಅಂಟಿಸಿ, ಇಡೀ ಸೂಜಿ ಸೇರಿತೆಂದು ತೋರಿಸಿದ ಮೇಲೆಯೇ ಹೊಸ ಸೂಜಿ ಕೊಡಬೇಕು. ಬಟ್ಟೆಯ ಧೂಳು ಎದೆಯೊಳಗೆ ಏನು ಮಾಡುತ್ತದೆ ಎಂದು ಚಿತ್ರ ತೋರಿಸಿದರು. ಎಂಟು ವರ್ಷದಿಂದ ನನಗೆ ಬೆಳಗಿನ ಹೊತ್ತು ಕೆಮ್ಮು ಏಕೆ ಬರುತ್ತದೆಂದು ಆವತ್ತು ಗೊತ್ತಾಯಿತು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಲೈನಿಗೆ ಬಂದೆ. ಸೂಪರ್‌ವೈಸರ್ ಕೇಳಿದರು, “ಎಷ್ಟು ಹೊತ್ತು ಬೇಕಮ್ಮ ನಿನಗೆ?”

“ಅರ್ಧ ಗಂಟೆ ಸರ್. ತಿಂಗಳಿಗೆ ಒಂದೇ ಸಲ.”

“ಅರ್ಧ ಗಂಟೆ ಲೈನ್ ನಿಂತ್ರೆ ನೂರಿಪ್ಪತ್ತು ಪೀಸ್ ಹೋಯ್ತು. ಅದನ್ನ ಯಾರು ಹೊಲೀತಾರೆ, ನಿನ್ನ ಪಾಠಾನಾ?”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಳಬೇಕಾಗಿತ್ತು.

ನಮ್ಮ ಲೈನಿನ ಕೊನೆಯಲ್ಲಿ ಒಬ್ಬರಿದ್ದಾರೆ, ಎಲ್ಲರೂ ಬಟನ್ ಅಕ್ಕ ಎನ್ನುತ್ತಾರೆ. ಜಾಕೆಟ್ಟುಗಳಿಗೆ ಪ್ರೆಸ್ ಬಟನ್ ಒತ್ತುವ ಮೆಷಿನಿನ ಮುಂದೆ ಹದಿನಾಲ್ಕು ವರ್ಷದಿಂದ ಕೂತವರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ, ಸೂಜಿಗೆ ದಾರ ಪೋಣಿಸಲು ಆಗದಿದ್ದಾಗ, ಎದ್ದು ಬಂದು ಪೋಣಿಸಿಕೊಟ್ಟವರು ಅವರೇ. ಮೊನ್ನೆ ನಾನು ಮಾಸ್ಕು ಹಂಚುತ್ತಿದ್ದಾಗ, “ಟೀಚರಮ್ಮ, ಇದನ್ನ ಹಾಕ್ಕೊಂಡ್ರೆ ಬಾಯಿ ಮುಚ್ಚುತ್ತೆ ಅಂತ ಗೊತ್ತಾದ್ರೆ ನಮ್ಮನೆಯವರು ಒಂದು ಡಜನ್ ತರಿಸ್ತಾರೆ ಕಣೆ” ಎಂದರು. ಆ ನಗುವಿನಲ್ಲಿ ಹತ್ತು ಮಂದಿಯಾದರೂ ಮಾಸ್ಕು ಹಾಕಿಕೊಂಡರು. ಹನ್ನೆರಡು ದಿನದ ತರಬೇತಿಯಲ್ಲಿ ಈ ಉಪಾಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯ ಪಾಠದ ಕರಡು ಜೊತೆಗಿದೆ. ಕಾಲು ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ
ಚೂಟಿ


ಏಪ್ರಿಲ್ 18

ಪ್ರೀತಿಯ ಚೂಟಿಗೆ,

ಮೂರನೆಯ ಪಾಠವನ್ನು ಮಾರ್ಚ್ ಹತ್ತರಂದೇ ಅಂಚೆಗೆ ಹಾಕಿದ್ದೆ. ತಲುಪಿತೇ ಇಲ್ಲವೇ ತಿಳಿಯದು. ಒಂದು ಸಾಲಾದರೂ ಬರೆ.

ಈವರೆಗೆ ಎಷ್ಟು ತರಗತಿಗಳು ನಡೆದವು? ಕೇಳಿದವರು ಎಷ್ಟು ಮಂದಿ? ಅವರು ಏನು ಪ್ರಶ್ನೆ ಕೇಳಿದರು? ಇದು ಬರಿಯ ಕುತೂಹಲವಲ್ಲ. ಓದು ಬಿಟ್ಟು ಹೊಲಿಗೆಗೆ ಹೋಗುತ್ತೇನೆ ಎಂದು ನೀನು ಹೇಳಿದಾಗ ನಾನು ಎರಡು ವರ್ಷ ನಿನಗೆ ಪತ್ರ ಬರೆಯಲಿಲ್ಲ. ನಿನ್ನ ತಂದೆ ಬದುಕಿದ್ದಿದ್ದರೆ ನನ್ನನ್ನು ಗದರಿಸುತ್ತಿದ್ದ. ಆ ಎರಡು ವರ್ಷಗಳ ಬಗ್ಗೆ ನಾವಿಬ್ಬರೂ ಮಾತನಾಡಿಲ್ಲ, ಈಗಲೂ ಬೇಡ. ನಿನ್ನ ತರಗತಿಯ ಲೆಕ್ಕ ಕೇಳುವಾಗ ನಾನು ಏನನ್ನು ಕೇಳುತ್ತಿದ್ದೇನೆ ಎಂದು ನಿನಗೆ ಅರ್ಥವಾದರೆ ಸಾಕು.

ಕಣ್ಣಿನ ಪೊರೆ ಎಡಗಡೆ ದಪ್ಪವಾಗಿದೆ. ಬಲಗಣ್ಣಿನಿಂದ ಓದುತ್ತೇನೆ.

ನಿನ್ನ
ದೊಡ್ಡಪ್ಪ


ಜುಲೈ 16, ಭಾನುವಾರ

ಪೂಜ್ಯ ದೊಡ್ಡಪ್ಪನವರಿಗೆ,

ನಿಮ್ಮ ಏಪ್ರಿಲ್ ಪತ್ರಕ್ಕೆ ಉತ್ತರಿಸದೆ ಮೂರು ತಿಂಗಳಾಯಿತು. ಕಾರಣ ಬರೆಯಲು ಕೂತರೆ ಅದೂ ಒಂದು ಕೆಲಸವಾಗುತ್ತದೆ, ಅಷ್ಟು ಶಕ್ತಿ ಇಲ್ಲ. ಎರಡು ದೊಡ್ಡ ಆರ್ಡರುಗಳು ಒಟ್ಟಿಗೆ ಬಂದಿವೆ. ನಾನೂ ದಿನಕ್ಕೆ ನಾಲ್ಕು ಗಂಟೆ ಮೆಷಿನಿಗೆ ಕೂರುತ್ತೇನೆ, ಉಳಿದ ಹೊತ್ತು ಸೇಫ್ಟಿ. ಸಂಜೆ ಚಪ್ಪಲಿಯೊಳಗೆ ಪಾದ ಹಿಡಿಸುವುದಿಲ್ಲ. ಕೈಯಲ್ಲಿ ಹಿಡಿದುಕೊಂಡು ರೂಮಿನ ಮೆಟ್ಟಿಲು ಹತ್ತುತ್ತೇನೆ.

ಒಂದು ಉಪಕಾರ ಆಗಬೇಕು. ಈ ಪೊಟ್ಟಣದಲ್ಲಿ ನನ್ನ ತರಗತಿಗಳ ರಿಜಿಸ್ಟರ್ ಇದೆ. ಮೇಲೆ ಚಹಾ ಚೆಲ್ಲಿ ಹಾಳೆಗಳು ಅಂಟಿಕೊಂಡಿವೆ. ನಮ್ಮ ಬಟ್ಟೆ ಕೊಳ್ಳುವ ಕಂಪನಿಯವರು ಆಗಸ್ಟ್ ಮೊದಲ ವಾರ ತಪಾಸಣೆಗೆ ಬರುತ್ತಾರೆ. ಶುದ್ಧ ಪ್ರತಿಯೊಂದು ಬೇಕು ಎಂದು ಮ್ಯಾನೇಜರು ಹೇಳಿದರು. ನಿಮ್ಮ ಕೈಬರಹದ ಮುಂದೆ ಇಲ್ಲಿ ಯಾರದೂ ಇಲ್ಲ. ಹೊಸ ಪುಸ್ತಕವನ್ನೂ ಇಟ್ಟಿದ್ದೇನೆ.

ಇದ್ದದ್ದನ್ನು ಇದ್ದ ಹಾಗೆಯೇ ಬರೆಯಿರಿ ದೊಡ್ಡಪ್ಪ. ಅಷ್ಟೇ ಸಾಕು.

ಚೂಟಿ


ಜುಲೈ 24

ಪ್ರೀತಿಯ ಚೂಟಿಗೆ,

ರಿಜಿಸ್ಟರನ್ನು ಪ್ರತಿಮಾಡಿ ಇದರೊಂದಿಗೆ ಕಳುಹಿಸಿದ್ದೇನೆ. ಹಳೆಯದನ್ನೂ ಹಿಂದಿರುಗಿಸಿದ್ದೇನೆ. ಬೆಳಕು ಚೆನ್ನಾಗಿರುವ ಬೆಳಗಿನ ಎರಡು ಗಂಟೆ ಮಾತ್ರ ಕೂತದ್ದರಿಂದ ಐದು ದಿನ ಹಿಡಿಯಿತು.

ನಿನಗೆ ದಣಿವಾಗಿದೆ ಎಂಬುದು ಪತ್ರಕ್ಕಿಂತ ಪುಸ್ತಕದಲ್ಲಿ ಹೆಚ್ಚು ಕಾಣಿಸಿತು. ಮಾರ್ಚ್ 12 ಎಂದು ಬರೆದಿದ್ದೀಯೆ; ಅಂದು ಭಾನುವಾರ, ನಿಮಗೆ ರಜೆ. ಮೇ 21 ಎಂದು ಬರೆದಿದ್ದೀಯೆ, ಅದೂ ಭಾನುವಾರ. ಇನ್ನು ಏಪ್ರಿಲ್ 31 ಎಂಬ ದಿನವನ್ನು ಯಾವ ಕ್ಯಾಲೆಂಡರೂ ಈವರೆಗೆ ಅಚ್ಚುಹಾಕಿಲ್ಲ. ಹಾಕಿದ್ದರೆ ನನ್ನ ಮೇಜಿನ ಮೇಲೆ ಸಿಕ್ಕಿಬೀಳುತ್ತಿತ್ತು. ಮೊದಲನೆಯದನ್ನು ಮಾರ್ಚ್ 13 ಎಂದೂ ಮೇ ತಿಂಗಳದನ್ನು 20 ಎಂದೂ ಮಾಡಿದ್ದೇನೆ. ಏಪ್ರಿಲ್ ತಿಂಗಳಿನದಕ್ಕೆ ಸ್ವಲ್ಪ ಯೋಚಿಸಬೇಕಾಯಿತು. ಕೊನೆಯ ದಿನವಾದ 30 ಕೂಡ ಭಾನುವಾರವೇ ಆದ್ದರಿಂದ 29, ಶನಿವಾರ, ಎಂದು ನಿಶ್ಚಯಿಸಿದೆ. ತಪಾಸಣೆಗೆ ಬರುವವರು ದಿನಾಂಕಗಳನ್ನೇ ಮೊದಲು ನೋಡುತ್ತಾರೆ. ಇಂಥ ಕೈತಪ್ಪಿಗಾಗಿ ನಿನ್ನ ಇಷ್ಟು ದಿನದ ದುಡಿಮೆಯ ಮೇಲೆ ಯಾರೂ ಸಂಶಯಪಡಬಾರದು.

ಹೆಸರುಗಳ ಮುಂದಿನ ಸಹಿಯ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ಆಯಾ ವ್ಯಕ್ತಿಗಳೇ ಹಾಕತಕ್ಕದ್ದು.

ನಾಲ್ಕು ತರಗತಿಗಳು, ಒಂದೊಂದಕ್ಕೂ ಅರವತ್ತು ಮಂದಿ. ಏಪ್ರಿಲ್‌ನಲ್ಲಿ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಬರೆಯುತ್ತ ಬರೆಯುತ್ತ ಸಂತೋಷವಾಯಿತು ಎಂದು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ.

ನಿನ್ನ
ದೊಡ್ಡಪ್ಪ


ಆಗಸ್ಟ್ 6, ಭಾನುವಾರ

ಪೂಜ್ಯ ದೊಡ್ಡಪ್ಪನವರಿಗೆ,

ತಪಾಸಣೆ ಮುಗಿಯಿತು. ಬಂದವರು ಎರಡು ಗಂಟೆ ಇದ್ದರು. ರಿಜಿಸ್ಟರನ್ನು ತಿರುವಿ ನೋಡಿ, ಇಷ್ಟು ಚೆಂದದ ದಾಖಲೆಯನ್ನು ಎಲ್ಲಿಯೂ ನೋಡಿಲ್ಲ ಎಂದರು. ಮ್ಯಾನೇಜರು ಎಲ್ಲರಿಗೂ ಬಿಸ್ಕತ್ತು ಹಂಚಿಸಿದರು.

ಆರೋಗ್ಯ ನೋಡಿಕೊಳ್ಳಿ. ಕಣ್ಣಿನ ಡಾಕ್ಟರ ಬಳಿಗೆ ಹೋಗಿ.

ಚೂಟಿ


ಆಗಸ್ಟ್ 14

ಚೂಟಿಗೆ,

ನಿನ್ನ ಪತ್ರ ಆರು ವಾಕ್ಯ. ಅದರಲ್ಲಿ ಎರಡು ನನ್ನ ಆರೋಗ್ಯದ ಬಗ್ಗೆ, ಒಂದು ಬಿಸ್ಕತ್ತಿನ ಬಗ್ಗೆ. ನಾನು ತಿದ್ದಿದ ಮೂರು ದಿನಾಂಕಗಳ ಬಗ್ಗೆ ಒಂದಕ್ಷರವೂ ಇಲ್ಲ. ಅಚ್ಚುಕೂಟದಲ್ಲಿ ಲೇಖಕರು ಹೀಗೆ ಸುಮ್ಮನಿದ್ದರೆ ಎರಡು ಅರ್ಥ: ತಿದ್ದಿದ್ದು ಒಪ್ಪಿಗೆಯಾಗಿದೆ, ಅಥವಾ ತಿದ್ದಬಾರದ್ದನ್ನು ತಿದ್ದಿದ್ದೇನೆ. ಎರಡರಲ್ಲಿ ಯಾವುದು ಎಂದು ತಿಳಿಸು.

ದೊಡ್ಡಪ್ಪ


ಸೆಪ್ಟೆಂಬರ್ 3, ಭಾನುವಾರ

ಪೂಜ್ಯ ದೊಡ್ಡಪ್ಪನವರಿಗೆ,

ಎರಡನೆಯದು.

ಮಂಗಳವಾರ, ಆಗಸ್ಟ್ 29ರ ಮಧ್ಯಾಹ್ನ, ಬಟನ್ ಅಕ್ಕನ ಬಲಗೈ ಮೆಷಿನಿಗೆ ಸಿಕ್ಕಿತು. ತೋರುಬೆರಳು ಮತ್ತು ನಡುಬೆರಳಿನ ತುದಿ ಜಜ್ಜಿಹೋಗಿವೆ. ಆ ಮೆಷಿನಿನಲ್ಲಿ ಬೆರಳು ಒಳಗೆ ಹೋಗದಂತೆ ಅಡ್ಡ ನಿಲ್ಲುವ ಒಂದು ಕಂಬಿ ಇರಬೇಕು; ಗಾರ್ಡು ಎನ್ನುತ್ತೇವೆ. ಅದಿದ್ದರೆ ಗಂಟೆಗೆ ಇನ್ನೂರು ಬಟನ್ ಕಮ್ಮಿಯಾಗುತ್ತದೆ ಎಂದು ಮಾರ್ಚಿನಲ್ಲೇ ಬಿಚ್ಚಿಟ್ಟಿದ್ದರು. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ, ಬಟ್ಟೆ ಸುತ್ತಿದೆ, ಕೈ ಮೇಲೆತ್ತಿ ಹಿಡಿದೆ. ಕಲಿತದ್ದೆಲ್ಲ ನೆನಪಿತ್ತು. ಅಕ್ಕ ಅಳಲಿಲ್ಲ. “ಜಾಕೆಟ್ ಮೇಲೆ ರಕ್ತ ಬಿತ್ತೇನೆ, ನೋಡು” ಎಂದರು.

ಮರುದಿನ ಮ್ಯಾನೇಜರು ವರದಿ ಬರೆದರು: ತರಬೇತಿ ಪಡೆದಿದ್ದರೂ ಕಾರ್ಮಿಕರ ಅಜಾಗರೂಕತೆಯಿಂದ ನಡೆದ ಘಟನೆ. ಅಕ್ಕನದೇ ತಪ್ಪು ಎಂದಾದರೆ ಅವರ ಚಿಕಿತ್ಸೆಯೂ ಅವರದೇ, ಗುಣವಾದ ಮೇಲೆ ಕೆಲಸವೂ ಇಲ್ಲ. ನಾನು ಮ್ಯಾನೇಜರ ಕೋಣೆಗೆ ಹೋಗಿ, “ಸರ್, ಅವರಿಗೆ ಯಾವ ತರಬೇತಿ ಕೊಟ್ಟಿದ್ದೀವಿ?” ಎಂದು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ರಿಜಿಸ್ಟರ್ ತೆಗೆದು ತಿರುಗಿಸಿ ನನ್ನ ಮುಂದಿಟ್ಟರು. “ಮೇ ಇಪ್ಪತ್ತು, ಶನಿವಾರ. ವಿಷಯ, ಬಟನ್ ಮೆಷಿನ್. ಇದು ಅವರ ಸಹಿ. ಬುಕ್ಕಲ್ಲಿ ಇದೆಯಲ್ಲಮ್ಮ. ನಿನ್ನದೇ ಬುಕ್ಕು.”

ದೊಡ್ಡಪ್ಪ, ಆ ನಾಲ್ಕು ತರಗತಿಗಳಲ್ಲಿ ಒಂದೂ ನಡೆದಿಲ್ಲ.

ಪ್ರತಿ ತಿಂಗಳೂ ಮ್ಯಾನೇಜರನ್ನು ಕೇಳಿದೆ. ಪ್ರತಿ ತಿಂಗಳೂ, “ಈ ಆರ್ಡರ್ ಹೋಗ್ಲಿ, ಆಮೇಲೆ ಎರಡು ದಿನ ಪೂರ್ತಿ ಕೊಡ್ತೀನಿ, ಈಗ ಬರೆದಿಡು” ಎಂದರು. ಬರೆದೆ. ಇಲ್ಲ ಎಂದಿದ್ದರೆ ಮರಳಿ ಮೆಷಿನಿಗೆ ಕೂರಿಸುತ್ತಿದ್ದರು, ಮತ್ತೊಬ್ಬರು ಬರೆಯುತ್ತಿದ್ದರು. ಆದರೆ ಬರೆಯುವಾಗ ಒಂದು ಕೆಲಸ ಮಾಡಿದೆ. ಬೇಕೆಂದೇ ಭಾನುವಾರಗಳನ್ನು ಆರಿಸಿದೆ. ಏಪ್ರಿಲ್ 31 ಎಂದು ಬೇಕೆಂದೇ ಬರೆದೆ. ಯಾರಾದರೂ ಒಬ್ಬರು ಕಣ್ಣಿಟ್ಟು ಓದಿದರೆ ಸಿಕ್ಕಿಬೀಳಲಿ ಎಂದು. ನಾನಾಗಿ ಹೇಳುವ ಧೈರ್ಯವಿರಲಿಲ್ಲ; ಯಾರಾದರೂ ಕಂಡುಹಿಡಿಯಲಿ ಎಂದು ಕಾದೆ. ಜೂನ್ ತಿಂಗಳದನ್ನು ಮಾತ್ರ ಮ್ಯಾನೇಜರೇ ಬರೆದರು, ಆದ್ದರಿಂದ ಅದು ಬುಧವಾರ. ಚಹಾ ಚೆಲ್ಲಿದ್ದು ನಿಜ, ಅದನ್ನು ನಾನು ಚೆಲ್ಲಿಲ್ಲ.

ಕಣ್ಣಿಟ್ಟು ಓದಿದವರು ನೀವೊಬ್ಬರೇ. ನೀವು ತಿದ್ದಿಬಿಟ್ಟಿರಿ.

ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಪ್ರತಿಯನ್ನು ಬಿಚ್ಚಿ ನೋಡಿದಾಗ ಮೊದಲು ಎದೆ ಹಗುರಾಯಿತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು. ಆ ಹಗುರವನ್ನು ನಿಮಗೆ ಬರೆಯಲಾಗದೆ ಬಿಸ್ಕತ್ತಿನ ವಿಷಯ ಬರೆದೆ. ಜುಲೈ 31ರಂದು ಊಟದ ಹೊತ್ತಿನಲ್ಲಿ ಪುಸ್ತಕ ಹಿಡಿದು ಲೈನಿನ ಉದ್ದಕ್ಕೂ ನಡೆದು ನಾನೇ ಸಹಿ ಹಾಕಿಸಿಕೊಂಡೆ. ಅಕ್ಕ ಎಡಗೈಯಲ್ಲಿ ಡಬ್ಬಿ ಹಿಡಿದುಕೊಂಡೇ ನಾಲ್ಕು ಕಡೆ ಹಾಕಿದರು.

ಒಂದೇ ಒಂದು ತರಗತಿ ನಡೆದಿತ್ತು. ಜುಲೈ 5ರಂದು, ಊಟದ ವಿರಾಮದಲ್ಲಿ, ಕೈ ತೊಳೆಯುವ ತೊಟ್ಟಿಯ ಹತ್ತಿರ. ಯಾರ ಅಪ್ಪಣೆಯೂ ಇರಲಿಲ್ಲ. ಹನ್ನೊಂದು ಮಂದಿ ಬಂದರು. ಬಟನ್ ಅಕ್ಕ ತಮ್ಮ ಮೆಷಿನಿನ ಗಾರ್ಡಿನ ವಿಷಯ ಎತ್ತಿದರು. ಅದನ್ನು ಪೆನ್ಸಿಲಿನಲ್ಲಿ ಹಳೆಯ ಪುಸ್ತಕದ ಅಂಚಿನಲ್ಲಿ ಬರೆದಿದ್ದೆ. ನಿಮ್ಮ ಪ್ರತಿಯಲ್ಲಿ ಅದು ಇಲ್ಲ. ಹೊಸದು ಬಂದ ದಿನವೇ ಮ್ಯಾನೇಜರು ಹಳೆಯ ಪುಸ್ತಕವನ್ನು ತೆಗೆದುಕೊಂಡು ಹೋಗಿ ಚಿಂದಿಯ ಚೀಲಕ್ಕೆ ಹಾಕಿಸಿದರು. ಆ ಸಾಲು ನಿಮಗೆ ನೆನಪಿದೆಯೇ? ನೀವು ಅದನ್ನು ನೋಡಿದ್ದಿರಾ?

ಚೂಟಿ


ಸೆಪ್ಟೆಂಬರ್ 8

ಚೂಟಿಗೆ,

ನಿನ್ನ ಪತ್ರ ಬಂದು ಎರಡು ದಿನವಾಯಿತು. ಮೊದಲ ದಿನ ಒಂದು ಉತ್ತರ ಬರೆದೆ. ಅದರ ವಾಕ್ಯಗಳೆಲ್ಲ ಸರಿಯಾಗಿದ್ದವು; ನಿನ್ನ ಬಗ್ಗೆ ಇದ್ದವು. ಹರಿದುಹಾಕಿದೆ. ಇದು ಎರಡನೆಯದು.

ನೀನು ಸುಳ್ಳನ್ನು ಬರೆದೆ. ಆದರೆ ಅದರಲ್ಲಿ ಒಂದು ಬಿರುಕು ಬಿಟ್ಟು ಬರೆದೆ. ನಾನು ಆ ಬಿರುಕನ್ನು ಮುಚ್ಚಿ, ಉಜ್ಜಿ, ನುಣುಪು ಮಾಡಿದೆ. ಭಾನುವಾರ ಕಾರ್ಖಾನೆಗೆ ರಜೆ ಎಂದು ಬಲ್ಲವನು ಭಾನುವಾರ ತರಗತಿ ಹೇಗೆ ನಡೆಯಿತು ಎಂದು ಕೇಳಬೇಕಾಗಿತ್ತು. ದಿನಾಂಕ ತಪ್ಪಾಗಿರಬಹುದು ಎಂದು ನನಗೆ ಹೊಳೆಯಿತು. ತರಗತಿಯೇ ಇಲ್ಲದಿರಬಹುದು ಎಂದು ಹೊಳೆಯಲಿಲ್ಲ. ಏಕೆಂದರೆ ನನಗೆ ಆ ನಾಲ್ಕು ತರಗತಿಗಳು ಬೇಕಾಗಿದ್ದವು. ಎಷ್ಟು ನಡೆದವು ಎಂದು ಏಪ್ರಿಲ್‌ನಲ್ಲಿ ಕೇಳಿದವನು ನಾನು. ಇಲ್ಲ ಎಂದು ಬರೆಯುವುದು ನಿನಗೆ ಎಷ್ಟು ಕಷ್ಟವಾಗಿರಬೇಕೆಂದು ಈಗ ಯೋಚಿಸುತ್ತಿದ್ದೇನೆ. ಎರಡು ವರ್ಷ ಪತ್ರ ನಿಲ್ಲಿಸಿದವನ ಮುಂದೆ ಯಾರು ತಾನೆ ಚಿಕ್ಕವರಾಗಲು ಇಷ್ಟಪಡುತ್ತಾರೆ.

ನೆನಪಿನ ಮಾತು ಬೇಡ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅಚ್ಚುಕೂಟದಲ್ಲಿ ನಮಗೊಂದು ಪದ್ಧತಿ ಇತ್ತು. ಯಾವುದನ್ನು ತಿದ್ದಿದರೂ ಮೊದಲು ಏನಿತ್ತು, ಈಗ ಏನಾಯಿತು, ಯಾವುದನ್ನು ಬಿಟ್ಟೆವು ಎಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ ಇಡಬೇಕು. ಲೇಖಕರು ಜಗಳಕ್ಕೆ ಬಂದರೆ ತೋರಿಸಲು. ಅಂಥ ಹಾಳೆಯಿಲ್ಲದೆ ನಾನು ಒಂದು ಅಲ್ಪವಿರಾಮವನ್ನೂ ಅಳಿಸಿದವನಲ್ಲ. ನಿನ್ನ ರಿಜಿಸ್ಟರಿನ ಹಾಳೆ ಜುಲೈ 23ರ ದಿನಾಂಕದೊಂದಿಗೆ ನನ್ನ ಮೇಜಿನಲ್ಲಿದೆ. ಮೂರು ತಿದ್ದುಪಡಿಗಳ ಕೆಳಗೆ ಹೀಗಿದೆ: ‘ಬಿಟ್ಟದ್ದು. ಅಂಚಿನ ಪೆನ್ಸಿಲ್ ಬರಹ, ಕ್ರಮಸಂಖ್ಯೆ ಇಲ್ಲ.’ ಅದರ ಕೆಳಗೆ ಆ ಬರಹವನ್ನು ಅಕ್ಷರಶಃ ಇಳಿಸಿದ್ದೇನೆ.

ಇಳಿಸಿದ್ದೇನೆ, ಆದರೆ ಓದಿರಲಿಲ್ಲ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ ಕಸುಬಿನಲ್ಲಿ ಇದು ಸಾಧ್ಯ. ನಿನ್ನೆ ಓದಿದೆ.

ಈ ಹಾಳೆಯನ್ನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅದು ಹೊರಗೆ ಬಂದರೆ ನಿನ್ನ ಕೆಲಸ ಹೋಗುತ್ತದೆ. ಇಂಥ ದಾಖಲೆ ಬರೆದವಳಿಗೆ ಇನ್ನೊಂದು ಕಾರ್ಖಾನೆಯೂ ಬಾಗಿಲು ತೆರೆಯುವುದು ಕಷ್ಟ. ಈ ಸಲ ನಾನು ತಿದ್ದುವುದಿಲ್ಲ. ನೀನು ಬರೆದ ಹಾಗೆ ಇರಲಿ.

ದೊಡ್ಡಪ್ಪ


ಸೆಪ್ಟೆಂಬರ್ 17, ಭಾನುವಾರ

ಪೂಜ್ಯ ದೊಡ್ಡಪ್ಪನವರಿಗೆ,

ಬೆಳಿಗ್ಗೆ ಬಟನ್ ಅಕ್ಕನ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಕಿಟಕಿಯ ಹತ್ತಿರ ಮಂಚ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಂಡು ಕೂತಿದ್ದರು. ಅವರ ಗಂಡ ಅಕ್ಕಿ ಆರಿಸುತ್ತಿದ್ದರು.

“ನೋಡೇ, ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ಇವರ ಕೈಲಿ ಮೊರ. ಎರಡು ಬೆರಳು ಕೊಟ್ಟು ಸಂಪಾದಿಸಿದ್ದು” ಎಂದರು ಅಕ್ಕ.

“ಕಲ್ಲು ಸಿಕ್ಕಿದ್ರೆ ಆಮೇಲೆ ಮಾತಾಡು” ಎಂದರು ಗಂಡ.

ನಾನು ಎಲ್ಲವನ್ನೂ ಹೇಳಿದೆ. ತರಗತಿಗಳ ವಿಷಯ, ಭಾನುವಾರಗಳ ವಿಷಯ, ನಿಮ್ಮ ಪ್ರತಿ, ನಿಮ್ಮ ಹಾಳೆ. ಅವರು ತಡೆಯದೆ ಕೇಳಿದರು. ಮೊರದ ಸದ್ದೂ ನಿಂತಿತ್ತು.

“ಸಹಿ ಹಾಕಿದ್ದು ನೆನಪಿದೆಯಾ ಅಕ್ಕ?”

“ಹಾಕಿದ್ದು ನೆನಪಿದೆ. ಯಾತಕ್ಕೆ ಹಾಕಿದ್ದು ಅಂತ ಗೊತ್ತಿಲ್ಲ. ಬೇರೆ ಯಾರಾದ್ರೂ ಕೊಟ್ಟಿದ್ರೆ ಓದ್ತಿದ್ದೆ ಕಣೆ. ನೀನು ಕೊಟ್ಟೆ, ಅದಕ್ಕೇ ಓದಲಿಲ್ಲ.”

ಬೈದಿದ್ದರೆ ಎದ್ದು ಬರಬಹುದಾಗಿತ್ತು. ಅವರು ಬೈಯಲಿಲ್ಲ. “ಹೇಳಿದ್ರೆ ನಿನ್ನ ಕೆಲಸ?” ಎಂದು ಕೇಳಿದರು.

“ಹೋಗುತ್ತೆ.”

“ಹೋದ್ರೆ ಹೋಗ್ಲಿ ಹೇಳು ಅನ್ನೋಕೆ ನನಗೆ ಬಾಯಿ ಬರಲ್ಲ. ಬೇಡ ಬಿಡು ಅನ್ನೋಕೂ ಬರಲ್ಲ. ನೀನೇ ನೋಡ್ಕೋ.” ಆಮೇಲೆ, “ಚಹಾ ಕುಡಿದು ಹೋಗು. ಇವರೇ ಮಾಡ್ತಾರೆ, ಸಕ್ಕರೆ ಜಾಸ್ತಿ ಆಗಿರುತ್ತೆ, ಸುಮ್ಮನೆ ಕುಡಿ.”

ಕುಡಿದೆ. ಸಕ್ಕರೆ ನಿಜವಾಗಿಯೂ ಜಾಸ್ತಿಯಾಗಿತ್ತು.

27ರಂದು, ಬುಧವಾರ, ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ನಾನೇನು ಹೇಳಬೇಕೆಂದು ಮ್ಯಾನೇಜರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ; ಬಾಯಿಪಾಠ ಮಾಡಿಕೋ ಎಂದಿದ್ದಾರೆ. ನಾಲ್ಕೇ ವಾಕ್ಯ. ಬಾಯಿಪಾಠವಾಗಿದೆ. ಆದರೆ ಅದನ್ನು ಹೇಳುವುದಿಲ್ಲ. ದೊಡ್ಡ ಧೈರ್ಯ ಬಂದು ಹೀಗೆ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಸಾಕಾಗಿದೆ. ಮಾರ್ಚಿನಿಂದ ಇದನ್ನು ಹೊತ್ತು ಮೆಟ್ಟಿಲು ಹತ್ತಿದ್ದೇನೆ. ಮೊಣಕಾಲು ಮಡಿಸಿ ಎತ್ತಿದರೂ ಭಾರ ಕಡಿಮೆಯಾಗಿಲ್ಲ.

ನಿಮ್ಮ ಹಾಳೆ ಬೇಕು. ಪ್ರತಿಯೊಂದು ದಿನಾಂಕಕ್ಕೂ ನೀವು ಏನು ಬರೆದಿರಿ, ಮೂಲದಲ್ಲಿ ಏನಿತ್ತು, ನಿಜವಾಗಿ ನಡೆದದ್ದೇನು ಎಂದು ಒಂದು ಪಟ್ಟಿ ಮಾಡಿಕೊಡಿ. ನಡೆದದ್ದನ್ನು ಬೇರೆ ಹಾಳೆಯಲ್ಲಿ ಬರೆದು ಕಳುಹಿಸಿದ್ದೇನೆ, ಸಹಿ ಹಾಕಿದ್ದೇನೆ. ನಿಮ್ಮ ಹೆಸರನ್ನು ಹೇಳುವುದು ಬೇಡವೆನಿಸಿದರೆ ಬರೆಯಿರಿ, ನಾನೇ ಪ್ರತಿಮಾಡಿದ್ದೆಂದು ಹೇಳುತ್ತೇನೆ.

ಚೂಟಿ


ಸೆಪ್ಟೆಂಬರ್ 21

ಪ್ರೀತಿಯ ಚೂಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನನ್ನ ಕೈಬರಹವನ್ನು ನಿನ್ನದೆಂದು ಯಾವ ಅಧಿಕಾರಿಯೂ ನಂಬಲಾರ. ಆ ಸುಳ್ಳು ಬೇಡ. ಈಗಾಗಲೇ ಇರುವವು ಸಾಕು. 26ರ ಮಧ್ಯಾಹ್ನದ ಬಸ್ಸಿನಲ್ಲಿ ಹೊರಟು ಸಂಜೆಯ ಹೊತ್ತಿಗೆ ಅಲ್ಲಿರುತ್ತೇನೆ. ಮೂಲ ಹಾಳೆಯನ್ನು ಅಂಚೆಗೆ ಒಪ್ಪಿಸುವುದಿಲ್ಲ, ಒಳಜೇಬಿನಲ್ಲಿ ತರುತ್ತೇನೆ. ವಿಚಾರಣೆಯಲ್ಲಿ ಅಧಿಕಾರಿಯ ಪ್ರಶ್ನೆ ನನಗೆ ಕೇಳಿಸದಿದ್ದರೆ ನೀನು ಕಾಗದದ ಮೇಲೆ ಬರೆದು ತೋರಿಸು. ಉತ್ತರವನ್ನು ನಾನೇ ಹೇಳುತ್ತೇನೆ.

ಕೆಲಸ ಹೋದ ಮೇಲೆ ಏನು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದೆ ಎಂದು ಬರೆದರೆ ಅದೂ ತಿದ್ದಿದ ದಿನಾಂಕವೇ ಆಗುತ್ತದೆ. ನೀನು ಎಲ್ಲಿದ್ದರೂ ಪತ್ರ ಬರೆಯುತ್ತೇನೆ. ಇಷ್ಟನ್ನು ಮಾತ್ರ ಸಹಿ ಹಾಕಿ ಹೇಳಬಲ್ಲೆ.

ನೀನು ಕೇಳಿದ ಪಟ್ಟಿ ಕೆಳಗಿದೆ. ಇನ್ನೊಂದು ಪ್ರತಿ ಅಧಿಕಾರಿಗಳಿಗೆ.

ನಿನ್ನ
ದೊಡ್ಡಪ್ಪ

ತರಬೇತಿ ರಿಜಿಸ್ಟರಿನ ಪ್ರತಿಯಲ್ಲಿ ನಾನು ಬರೆದ ದಿನಾಂಕಗಳು, ಸರಿಪಡಿಸಿದಂತೆ

ಮಾರ್ಚ್ 13, ಸೋಮವಾರ. ಮೂಲದಲ್ಲಿ ಮಾರ್ಚ್ 12, ಭಾನುವಾರ. ವಿಷಯ: ಬೆಂಕಿ ಬಿದ್ದಾಗ ಹೊರಗೆ ಹೋಗುವ ಅಭ್ಯಾಸ. ನಡೆದಿಲ್ಲ. ಅಂದು ಹಿಂಬಾಗಿಲಿನ ಮುಂದೆ ರಟ್ಟಿನ ಪೆಟ್ಟಿಗೆಗಳಿದ್ದವು ಎಂದು ತರಬೇತಿ ನೀಡಬೇಕಾಗಿದ್ದವಳ ಹೇಳಿಕೆ.

ಏಪ್ರಿಲ್ 29, ಶನಿವಾರ. ಮೂಲದಲ್ಲಿ ಏಪ್ರಿಲ್ 31. ಅಂಥ ದಿನವಿಲ್ಲ. ತರಗತಿಯೂ ಇಲ್ಲ. 29 ಎಂಬುದು ಸಂಪೂರ್ಣವಾಗಿ ನನ್ನ ಕಲ್ಪನೆ.

ಮೇ 20, ಶನಿವಾರ. ಮೂಲದಲ್ಲಿ ಮೇ 21, ಭಾನುವಾರ. ವಿಷಯ: ಗುಂಡಿ ಒತ್ತುವ ಯಂತ್ರದ ಅಪಾಯಗಳು. ನಡೆದಿಲ್ಲ. ಯಂತ್ರದಲ್ಲಿ ಕೆಲಸ ಮಾಡುತ್ತಿದ್ದು ಗಾಯಗೊಂಡವರಿಗೆ ಈ ದಿನ ಯಾವ ಪಾಠವನ್ನೂ ಯಾರೂ ಹೇಳಿಲ್ಲ.

ಜೂನ್ 14, ಬುಧವಾರ. ಮೂಲದಲ್ಲಿಯೂ ಇದೇ ದಿನಾಂಕ, ಬೇರೆಯವರ ಕೈಬರಹದಲ್ಲಿ. ನಾನು ತಿದ್ದಿಲ್ಲ. ನಡೆದಿಲ್ಲ.

ಮೇಲಿನ ನಾಲ್ಕಕ್ಕೂ ಎದುರಿಗಿರುವ ಸಹಿಗಳು: ಎಲ್ಲವೂ ಜುಲೈ 31, ಸೋಮವಾರ, ಊಟದ ವಿರಾಮದಲ್ಲಿ ಹಾಕಿದವು.

ಜುಲೈ 5, ಬುಧವಾರ. ನನ್ನ ಪ್ರತಿಯಲ್ಲಿ ಇಲ್ಲ, ಬಿಟ್ಟವನು ನಾನು. ಮೂಲದಲ್ಲಿ, ಅಂಚಿನಲ್ಲಿ, ಪೆನ್ಸಿಲಿನಿಂದ: ‘ತೊಟ್ಟಿಯ ಹತ್ತಿರ. ಹನ್ನೊಂದು ಮಂದಿ. ಹದಿನೇಳು ನಿಮಿಷ. ಬಟನ್ ಮೆಷಿನ್‌ಗೆ ಗಾರ್ಡು ಇಲ್ಲ, ಬೆರಳು ಹೋಗುತ್ತೆ ಅಂತ ಅಕ್ಕ ಹೇಳಿದರು. ಸಂಜೆ ಮ್ಯಾನೇಜರಿಗೆ ತಿಳಿಸಿದೆ.’ ಇದು ನಡೆದಿದೆ.